ಅಧ್ಯಾಪಕ ಶಿಕ್ಷಣ: ಮಟ್ಟವೂ ವೈವಿಧ್ಯದ ಅನುಭವವೂ
ಧಾರವಾಡದ ಇತಿಹಾಸದಿಂದ ಒಂದು ವಿವೇಚನೆ

ಪದವೀಧರರನ್ನು ಅಧ್ಯಾಪಕರನ್ನಾಗಿ ಸಿದ್ಧಗೊಳಿಸುವ ಶಿಕ್ಷಣದ ಚರ್ಚೆಯಲ್ಲಿ ಎರಡು ಬೇಡಿಕೆಗಳು ಪರಸ್ಪರ ವಿರುದ್ಧವೆಂಬಂತೆ ಕೇಳಿಬರುತ್ತವೆ. ವಿದ್ಯೆಯ ಮಟ್ಟ ಇಳಿಯಬಾರದೆಂಬುದು ಒಂದು. ಎಲ್ಲ ಜಾತಿ, ಭಾಷೆ, ಸ್ಥಿತಿಗತಿಗಳ ಮಕ್ಕಳ ಪರಿಚಯ ಅಧ್ಯಾಪಕನಿಗೆ ಇರಬೇಕೆಂಬುದು ಇನ್ನೊಂದು. ಈ ವಿರೋಧ ನಿಜವೋ ಕಲ್ಪಿತವೋ ಎಂಬುದನ್ನು ಧಾರವಾಡದ ಇತಿಹಾಸದ ಆಧಾರದಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

1856ರ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರಿ ಶಾಲೆಯಲ್ಲಿ ಪ್ರವೇಶ ದೊರೆಯದ ಮಹಾರ ಜಾತಿಯ ಬಾಲಕನೊಬ್ಬನ ಅರ್ಜಿ ಮುಂಬಯಿ ಸರಕಾರದ ಮುಂದೆ ಬಂದಿತು. ನ್ಯಾಯವು ಬಾಲಕನ ಪಕ್ಷದಲ್ಲಿದೆಯೆಂದು ಸರಕಾರ ಒಪ್ಪಿತು. ಆದರೆ ಒಬ್ಬಿಬ್ಬರಿಗಾಗಿ ಪ್ರವೇಶವನ್ನು ಕಡ್ಡಾಯಗೊಳಿಸಿದರೆ ಬಹುಸಂಖ್ಯಾತರಿಗೆ ಶಾಲೆಯೇ ನಿರುಪಯುಕ್ತವಾದೀತೆಂದು ಅದನ್ನು ನಿರಾಕರಿಸಿತು. ಇಂಥ ಬಾಲಕನಿಗೆ ಬಂಗಾಲ ಪ್ರಾಂತದ ಸರಕಾರಿ ಶಾಲೆಗಳಲ್ಲಿ ಪ್ರವೇಶ ತಪ್ಪುತ್ತಿರಲಿಲ್ಲವೆಂದು 1857ರಲ್ಲಿ ಭಾರತ ಸರಕಾರ ತಿಳಿಸಿತು. ಸರಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದಿರತಕ್ಕವೆಂಬ ತತ್ತ್ವವನ್ನು 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಲಿ ಸ್ಪಷ್ಟಪಡಿಸಿತು. 1882ರ ಹಂಟರ್ ಆಯೋಗವು ಈ ಪ್ರಕರಣವನ್ನು ಚರ್ಚಿಸಿತು.

ಮುಂಬಯಿ ಸರಕಾರದ ತರ್ಕವನ್ನು ನಾವು ಗಮನಿಸಬೇಕು. ಆ ಬಾಲಕನಿಗೆ ಯೋಗ್ಯತೆಯಿಲ್ಲವೆಂದು ಅದು ಹೇಳಲಿಲ್ಲ. ಶಾಲೆಯ ಹಿತವನ್ನು ಮುಂದೊಡ್ಡಿತು. ಮಟ್ಟದ ಹೆಸರಿನಲ್ಲಿ ಇಂದಿಗೂ ಹೂಡುವ ಎಷ್ಟೋ ವಾದಗಳ ರೂಪ ಇದೇ. ತತ್ತ್ವವನ್ನು ಸಾರುವುದರಿಂದ ಮಾತ್ರ ಕಾರ್ಯ ಸಾಧಿಸಲಿಲ್ಲವೆಂಬುದೂ ಇಲ್ಲಿ ವ್ಯಕ್ತವಾಗುತ್ತದೆ. ಆಜ್ಞೆ ಬಾಗಿಲನ್ನು ತೆರೆಯಬಲ್ಲದು. ಒಳಬಂದ ಮಗುವನ್ನು ಎಲ್ಲರೊಡನೆ ಕೂಡಿಸಿ ಕಲಿಸಬೇಕಾದವನು ಅಧ್ಯಾಪಕನೇ.

ಇದಕ್ಕೆ ಪೂರಕವಾದ ನಿದರ್ಶನವೂ ಇದೇ ಊರಿನಲ್ಲಿದೆ. ಮುಂಬಯಿ ಪ್ರಾಂತದ ಕನ್ನಡ ಭಾಗದಲ್ಲಿ ಅಂದು ಮರಾಠಿ ಶಾಲೆಗಳದೇ ಪ್ರಾಬಲ್ಯ. ಕನ್ನಡ ಮಕ್ಕಳು ಪರಭಾಷೆಯಲ್ಲಿ ಕಲಿಯುತ್ತಿದ್ದರು. ಧಾರವಾಡದ ಶಿಕ್ಷಕರ ತರಬೇತಿ ಶಾಲೆಯಲ್ಲಿಯೂ ಅನಂತರ ಶಿಕ್ಷಣ ಇಲಾಖೆಯಲ್ಲಿಯೂ ಸೇವೆ ಸಲ್ಲಿಸಿದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳ ಏಳಿಗೆಗೂ ಕನ್ನಡ ಶಿಕ್ಷಕರ ಸಿದ್ಧತೆಗೂ ದುಡಿದರು. ಮಗುವಿನ ಮನೆಮಾತನ್ನು ಬಲ್ಲ ಶಿಕ್ಷಕರು ದೊರೆತುದರಿಂದ ವಿದ್ಯೆಯ ಮಟ್ಟ ಇಳಿಯಲಿಲ್ಲ. ಅದಕ್ಕೆ ಭದ್ರವಾದ ತಳಹದಿ ಒದಗಿತು.

ಇನ್ನು ನಮ್ಮ ಕಾಲದ ಮಾತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಬಿ.ಎಡ್. ವ್ಯಾಸಂಗವನ್ನು 2 ವರ್ಷಗಳಿಗೆ ವಿಸ್ತರಿಸಿದವು. ಪ್ರವೇಶಕ್ಕೆ ಸಾಮಾನ್ಯವಾಗಿ ಪದವಿಯಲ್ಲಿ ಶೇಕಡಾ 50 ಅಂಕಗಳನ್ನು ವಿಧಿಸಿ, ಪರಿಶಿಷ್ಟ ಜಾತಿ ಮೊದಲಾದ ವರ್ಗಗಳಿಗೆ ಸರಕಾರದ ನಿಯಮದಂತೆ ರಿಯಾಯಿತಿ ಕೊಟ್ಟವು. ಶಾಲೆಗಳಲ್ಲಿದ್ದು ಕಲಿಯಲು 20 ವಾರಗಳನ್ನು ಗೊತ್ತುಪಡಿಸಿದವು. ಚರ್ಚೆಯೆಲ್ಲ ಆ 50 ಅಂಕಗಳ ಸುತ್ತಲೇ ನಡೆಯುತ್ತದೆ. ಆ 20 ವಾರಗಳನ್ನು ವಿದ್ಯಾರ್ಥಿಯು ಯಾವ ಮಕ್ಕಳ ನಡುವೆ ಕಳೆದನೆಂದು ಕೇಳುವವರು ವಿರಳ. ತನ್ನಂಥವರ ಮಕ್ಕಳಿಗಷ್ಟೇ ಪಾಠ ಹೇಳಿ ಉತ್ತೀರ್ಣನಾದವನ ಅಂಕಗಳು ಎಷ್ಟೇ ಹೆಚ್ಚಿದ್ದರೂ ಅವನ ಶಿಕ್ಷಣ ಅಪೂರ್ಣವೆಂದೇ ನಮ್ಮ ಅಭಿಪ್ರಾಯ.

ಹುಬ್ಬಳ್ಳಿ-ಧಾರವಾಡಗಳ ನಡುವಣ ಸತ್ತೂರಿನಲ್ಲಿ ವೈದ್ಯ ಮಹಾವಿದ್ಯಾಲಯವೂ ಆಸ್ಪತ್ರೆಯೂ ಒಂದೆಡೆ ಇವೆ. ಒಂದೇ ಬಗೆಯ ರೋಗಿಗಳನ್ನು ಕಂಡವನನ್ನು ಯಾರೂ ನುರಿತ ವೈದ್ಯನೆನ್ನರು. ನಾನಾ ಬಗೆಯ ರೋಗಿಗಳನ್ನು ನೋಡುವುದು ವೈದ್ಯಶಿಕ್ಷಣದಲ್ಲಿ ಮಟ್ಟದ ಅಂಗವೇ ಆಗಿದೆ. ಅಧ್ಯಾಪಕ ಶಿಕ್ಷಣಕ್ಕೆ ಬೇರೆ ನ್ಯಾಯವೇಕೆ?

ಕೇವಲ ಸಾಮೀಪ್ಯದಿಂದ ಪೂರ್ವಗ್ರಹ ಅಳಿಯುವುದಿಲ್ಲವೆಂಬ ಆಕ್ಷೇಪ ಸರಿಯಾದುದೇ. ಆದಕಾರಣ ಹಳ್ಳಿಯ ಶಾಲೆ, ಉರ್ದು ಮಾಧ್ಯಮದ ಶಾಲೆ, ದುಡಿಯುವವರ ಕೇರಿಯ ಶಾಲೆ ಇವುಗಳಲ್ಲಿ ಪಡೆದ ಅನುಭವವನ್ನು ವಿದ್ಯಾರ್ಥಿಯು ಬರೆದು, ವಿಮರ್ಶಿಸಿ, ಪರೀಕ್ಷೆಗೆ ಒಪ್ಪಿಸತಕ್ಕದ್ದು. ಹಾಗಾದಾಗ ಮಟ್ಟಕ್ಕೂ ವೈವಿಧ್ಯಕ್ಕೂ ವಿರೋಧ ಉಳಿಯದು. 1856ರ ಬಾಲಕನನ್ನು ಹೊರಗಿಟ್ಟ ಶಾಲೆ ತನ್ನ ಮಟ್ಟವನ್ನು ಕಾಯ್ದುಕೊಂಡಿತೆಂದು ಇಂದು ಯಾವ ಇತಿಹಾಸಕಾರನೂ ಬರೆಯಲಾರನು.