ಗೋಧಿಯೊಡನೆ ಬೆಳೆದ ಕಳೆ

ಗೋಧಿ ಮತ್ತು ಕಳೆಗಳ ಸಾಮತಿಯನ್ನು ನೀವು ಬಲಿಪೂಜೆಯಲ್ಲಿ ಹಲವು ಬಾರಿ ಆಲಿಸಿದ್ದೀರಿ. ಕಳೆಯನ್ನು ಕಿತ್ತುಹಾಕೋಣವೇ ಎಂದು ಆಳುಗಳು ಕೇಳಿದಾಗ, ಅದರೊಡನೆ ಗೋಧಿಯೂ ಕಿತ್ತುಬಂದೀತೆಂದು ಯಜಮಾನನು ತಡೆಯುತ್ತಾನೆ. ಇದೇ ಪ್ರಶ್ನೆ ಕಳೆದ ಶತಮಾನದ ವೈದ್ಯರಿಗೆ ಮನುಷ್ಯನ ಮೂಳೆಯೊಳಗೆ ಎದುರಾಯಿತು. ಅವರು ಅದಕ್ಕೆ ಉತ್ತರ ಹುಡುಕಿದ ಇತಿಹಾಸ ನಮ್ಮ ಮನನಕ್ಕೆ ಯೋಗ್ಯವಾದುದು.

ನಮ್ಮ ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿ ಬಿಳಿಯ ರಕ್ತಕಣಗಳು ಅಂಕೆ ಮೀರಿ ಹೆಚ್ಚುವ ರೋಗವೇ ಲ್ಯುಕೇಮಿಯಾ. 1845ರಲ್ಲಿ ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್ ಮತ್ತು ಬರ್ಲಿನ್ನಿನ ರುಡಾಲ್ಫ್ ವಿರ್ಖೋ ಇದನ್ನು ಪ್ರತ್ಯೇಕವಾಗಿ ವರ್ಣಿಸಿದರು. ಇದರಲ್ಲಿ ದೀರ್ಘಕಾಲಿಕ ಮೈಲಾಯ್ಡ್ ಎಂಬ ಬಗೆಯು ಕೆಲವು ವರ್ಷ ಶಾಂತವಾಗಿದ್ದು, ಬಳಿಕ ಉಗ್ರರೂಪ ತಾಳಿ ಪ್ರಾಣ ತೆಗೆಯುತ್ತಿತ್ತು. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಈ ರೋಗಿಗಳ ಜೀವಕೋಶಗಳಲ್ಲಿ ಅಸಹಜವಾಗಿ ಕಿರಿದಾದ ಒಂದು ವರ್ಣತಂತುವನ್ನು ಕಂಡರು. ಕಳೆಯನ್ನು ಗುರುತಿಸುವ ಚಿಹ್ನೆ ಹೀಗೆ ದೊರಕಿತು.

ಕೆಟ್ಟ ಮಜ್ಜೆಯನ್ನು ನಾಶಪಡಿಸಿ ಒಳ್ಳೆಯ ಮಜ್ಜೆಯನ್ನು ಕಸಿಮಾಡಲು ಸಾಧ್ಯವೇ? ಅಮೆರಿಕದ ವೈದ್ಯ ಡಾನಲ್ ಥಾಮಸ್ ಅವರು ಆರು ರೋಗಿಗಳಿಗೆ ಇತರರ ಮಜ್ಜೆ ನೀಡಿದ ವರದಿಯನ್ನು 1957ರಲ್ಲಿ ಪ್ರಕಟಿಸಿದರು. ಆ ಆರು ಮಂದಿಯಲ್ಲಿ ಯಾರೂ ಬದುಕುಳಿಯಲಿಲ್ಲ. ಆದರೂ ಅವರು ಪತ್ನಿ ಡಾಟಿಯವರೊಡನೆ ಈ ಕಾರ್ಯವನ್ನು ದಶಕಗಳ ಕಾಲ ಮುಂದುವರಿಸಿದರು. 1990ರಲ್ಲಿ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದರು. 1979ರಲ್ಲಿ ಅವರ ಸಿಯಾಟಲ್ ತಂಡವು, ಏಕರೂಪಿ ಅವಳಿಗಳ ಮಜ್ಜೆ ಪಡೆದ ದೀರ್ಘಕಾಲಿಕ ರೋಗಿಗಳಲ್ಲಿ ಆ ಕಿರಿಯ ವರ್ಣತಂತು ಕಣ್ಮರೆಯಾದುದನ್ನು ವರದಿ ಮಾಡಿತು. ನಮ್ಮ ದೇಶದಲ್ಲಿ ಮಜ್ಜೆಯ ಕಸಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿಯೂ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1986ರಲ್ಲಿಯೂ ಆರಂಭವಾಯಿತು.

ಆದರೆ ಅವಳಿ ಸೋದರರು ಎಲ್ಲರಿಗೂ ಇರುವುದಿಲ್ಲ. ಒಡಹುಟ್ಟಿದ ಒಬ್ಬರ ಮಜ್ಜೆ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಪಾಲು ಮಾತ್ರ. ದಾನಿಯೇ ಇಲ್ಲದವನ ಗತಿಯೇನು? ಅವನ ಸ್ವಂತ ಮಜ್ಜೆಯನ್ನೇ ಬಳಸಬಹುದೆಂದು ವೈದ್ಯರು ಆಲೋಚಿಸಿದರು. ರೋಗ ಶಾಂತವಾಗಿರುವಾಗ ಮಜ್ಜೆಯನ್ನೋ ರಕ್ತದ ಮೂಲಕೋಶಗಳನ್ನೋ ತೆಗೆದು ಅತಿಶೈತ್ಯದಲ್ಲಿ ಕಾದಿಡುವುದು. ರೋಗ ಉಗ್ರವಾದಾಗ ತೀಕ್ಷ್ಣವಾದ ಔಷಧ ಅಥವಾ ವಿಕಿರಣ ನೀಡಿ, ಕಾದಿಟ್ಟುದನ್ನು ಹಿಂದಿರುಗಿಸುವುದು. 1970ರ ದಶಕದಲ್ಲಿ ಸಿಯಾಟಲ್‌ನಲ್ಲಿಯೂ, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಜಾನ್ ಗೋಲ್ಡ್‌ಮನ್ ಅವರ ನೇತೃತ್ವದಲ್ಲಿಯೂ ಈ ಪ್ರಯತ್ನ ನಡೆಯಿತು. ಹಲವರಲ್ಲಿ ರೋಗ ಮತ್ತೆ ಶಾಂತವಾಯಿತು, ಆದರೆ ಕೆಲವು ತಿಂಗಳ ಮಟ್ಟಿಗೆ ಮಾತ್ರ.

ಮರಳಿದ ರೋಗ ಎಲ್ಲಿಂದ ಬಂದಿತು? ಹೊಲದಲ್ಲಿ ಉಳಿದ ಬೇರಿನಿಂದಲೋ, ಹೊಸದಾಗಿ ಬಿತ್ತಿದ ಬೀಜದಿಂದಲೋ? ಇದನ್ನರಿಯಲು ಅಮೆರಿಕದ ಹ್ಯೂಸ್ಟನ್ನಿನ ವೈದ್ಯರು, ರೋಗಿಗೆ ಹಿಂದಿರುಗಿಸಲಿದ್ದ ಮಜ್ಜೆಯ ಕೆಲವು ಕೋಶಗಳಲ್ಲಿ ಗುರುತಿನ ವಂಶವಾಹಿಯೊಂದನ್ನು ಸೇರಿಸಿದರು. ರೋಗ ಮರುಕಳಿಸಿದಾಗ ಕೆಟ್ಟ ಕೋಶಗಳಲ್ಲಿ ಆ ಗುರುತು ಸಿಕ್ಕಿತು. ಮರಳಿಸಿದ ಮಜ್ಜೆಯಲ್ಲಿಯೇ ಕಳೆಯೂ ಇದ್ದಿತೆಂದು 1994ರಲ್ಲಿ ಅವರು ಪ್ರಕಟಿಸಿದರು. ತಾವು ನೀಡಿದ ಚಿಕಿತ್ಸೆಯ ದೋಷವನ್ನು ತಾವೇ ಹುಡುಕಿ ಲೋಕಕ್ಕೆ ತಿಳಿಸಿದ ಈ ಪ್ರಾಮಾಣಿಕತೆ ಗೌರವಕ್ಕೆ ಅರ್ಹವಲ್ಲವೇ?

ಉತ್ತರ ಬೇರೊಂದು ದಿಕ್ಕಿನಿಂದ ಬಂದಿತು. ಆ ಕಿರಿಯ ವರ್ಣತಂತುವಿನ ಕಾರಣ ಹುಟ್ಟುವ ವಿಕೃತ ಪ್ರೋಟೀನನ್ನು ತಡೆಯುವ ಇಮ್ಯಾಟಿನಿಬ್ ಎಂಬ ಗುಳಿಗೆಗೆ ಅಮೆರಿಕದಲ್ಲಿ 2001ರಲ್ಲಿ ಅನುಮತಿ ದೊರೆಯಿತು. ಅದು ಬಹುತೇಕ ರೋಗಿಗಳಲ್ಲಿ ಕಳೆಯನ್ನು ಬುಡಸಮೇತ ಕೀಳುವುದಿಲ್ಲ, ತಲೆಯೆತ್ತದಂತೆ ಅಂಕೆಯಲ್ಲಿಡುತ್ತದೆ. ಗೋಧಿಗೆ ಬೆಳೆಯಲು ಅವಕಾಶ ದೊರೆಯುತ್ತದೆ. ಇಂದು ದಿನವೂ ಗುಳಿಗೆ ಸೇವಿಸುತ್ತ ಅನೇಕರು ದೀರ್ಘಕಾಲ ಬಾಳುತ್ತಿದ್ದಾರೆ. ಈ ರೋಗಕ್ಕೆ ಸ್ವಂತ ಮಜ್ಜೆಯ ಕಸಿ ಹಿಂದೆ ಸರಿದಿದೆ. ಗುಳಿಗೆ ಫಲಿಸದ ಕೆಲವರಿಗೆ ದಾನಿಯ ಮಜ್ಜೆಯೇ ಆಸರೆ. ಮೈಲೋಮಾದಂತಹ ಬೇರೆ ಕ್ಯಾನ್ಸರ್‌ಗಳಲ್ಲಿ ಸ್ವಂತ ಕೋಶಗಳ ಕಸಿ ಇಂದಿಗೂ ಬಳಕೆಯಲ್ಲಿದೆ.

ಹಾಗಾದರೆ ಆ ಹಳೆಯ ಪ್ರಯತ್ನಗಳೆಲ್ಲ ವ್ಯರ್ಥವಾದವೇ? ತನಗೆ ಗುಣವಾಗುವ ಭರವಸೆ ಅಲ್ಪವೆಂದು ತಿಳಿದೂ ದೇಹವನ್ನು ಪರೀಕ್ಷೆಗೆ ಒಪ್ಪಿಸಿದವರಿಂದಲೇ ವೈದ್ಯಲೋಕವು ರೋಗದ ನಿಜಸ್ವರೂಪವನ್ನು ಕಲಿತಿತು. ಅವರು ಬಿತ್ತಿದರು, ಕೊಯ್ದವರು ಬೇರೆಯವರು. ನಿಮ್ಮ ಕುಟುಂಬದಲ್ಲಿಯೋ ಧರ್ಮಕೇಂದ್ರದಲ್ಲಿಯೋ ಇಂತಹ ರೋಗದಿಂದ ನರಳುವವರಿದ್ದರೆ ಅವರ ಬಳಿಗೆ ಹೋಗಿರಿ. ಮಜ್ಜೆ ನೀಡುವ ಅವಕಾಶ ನಿಮ್ಮದಾದರೆ ಹಿಂಜರಿಯದೆ ವೈದ್ಯರೊಡನೆ ಮಾತನಾಡಿರಿ. ಅಗಲಿದವರಿಗಾಗಿ ಪ್ರಾರ್ಥಿಸುವಾಗ, ತಮ್ಮ ನೋವಿನಿಂದ ಇತರರಿಗೆ ದಾರಿ ತೆರೆದ ಆ ಅನಾಮಿಕ ರೋಗಿಗಳನ್ನೂ ಸ್ಮರಿಸೋಣ. ಸುಗ್ಗಿಯ ಒಡೆಯನು ಅವರ ಒಂದು ಕಾಳನ್ನೂ ಮರೆಯಲಾರನು.