ಯಾರಿಗೂ ಬೇಡವಾಗಿದ್ದ ನೆಲ ಎಲ್ಲರಿಗೂ ಬೇಕಾದಾಗ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರುಭೂಮಿಯಲ್ಲಿ ಇಂದಿಗೂ ಯುದ್ಧಟ್ಯಾಂಕುಗಳು ಹಾದುಹೋದ ಜಾಡನ್ನು ಕಾಣಬಹುದು. ಉತ್ತರ ಆಫ್ರಿಕದ ಕಾಳಗಕ್ಕೆ ಸೈನಿಕರನ್ನು ಸಜ್ಜುಗೊಳಿಸಲು 1942ರಲ್ಲಿ ಜನರಲ್ ಜಾರ್ಜ್ ಪ್ಯಾಟನ್ ತರಬೇತಿ ಶಿಬಿರ ತೆರೆದದ್ದು ಇಲ್ಲಿ. 1944ರಲ್ಲಿ ಸೇನೆ ಜಾಗ ಖಾಲಿ ಮಾಡಿತು. ಆದರೆ ಟ್ಯಾಂಕುಗಳ ಭಾರಕ್ಕೆ ಅದುಮಿಹೋದ ಮಣ್ಣು ಎಂಬತ್ತು ವರ್ಷಗಳು ಕಳೆದರೂ ಪೂರ್ತಿಯಾಗಿ ಚೇತರಿಸಿಕೊಂಡಿಲ್ಲ. ಮಳೆಯೇ ಅಪರೂಪವಾದ ಕಡೆ ನೆಲದ ಗಾಯ ಮಾಯುವುದೂ ನಿಧಾನ.

ಇಂತಹ ಭೂಮಿಯ ಒಡೆಯರು ಯಾರು? ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಸರ್ಕಾರ ಪಶ್ಚಿಮದ ನೆಲವನ್ನು ಉದಾರವಾಗಿ ಹಂಚಿತು. 1862ರ ಕಾನೂನಿನಂತೆ ಐದು ವರ್ಷ ನೆಲೆಸಿ ಉಳುಮೆ ಮಾಡಿದವರಿಗೆ 160 ಎಕರೆ ದೊರೆಯುತ್ತಿತ್ತು. ಒಣನೆಲಕ್ಕೆ ನೀರು ಹಾಯಿಸುವವರಿಗೆ 640 ಎಕರೆ ಕೊಡುವುದಾಗಿ 1877ರ ಕಾನೂನು ಹೇಳಿತು. ಆದರೂ ಮರುಭೂಮಿಯ ಬಹುಭಾಗವನ್ನು ಕೇಳುವವರೇ ಇರಲಿಲ್ಲ. ಕರ್ನಾಟಕದ ಕಂದಾಯ ದಾಖಲೆಗಳ ಮಾತಿನಲ್ಲಿ ಹೇಳುವುದಾದರೆ ಅದು 'ಖರಾಬು' ಜಮೀನು. ಹೀಗೆ ಉಳಿದದ್ದು ಸರ್ಕಾರದ ಕೈಯಲ್ಲೇ ಉಳಿಯಿತು. 1946ರಲ್ಲಿ ರೂಪುಗೊಂಡ ಭೂ ನಿರ್ವಹಣಾ ಬ್ಯೂರೊ ಅದರ ಹೊಣೆ ಹೊತ್ತಿತು.

ದಾಖಲೆಯಲ್ಲಿ ಖರಾಬಾದರೂ ಅದು ಬರಿದಾದ ನೆಲವೇನೂ ಆಗಿರಲಿಲ್ಲ. ಮೊಹಾವಿ, ಚೆಮೆಹುಯೇವಿ, ಕವಿಯಾ ಮುಂತಾದ ಮೂಲನಿವಾಸಿಗಳು ತಲೆತಲಾಂತರದಿಂದ ಅಲ್ಲಿ ಬದುಕಿದ್ದರು. ಬ್ಲೈಥ್ ಊರಿನ ಬಳಿ ನೆಲವನ್ನೇ ಕೆರೆದು ಬಿಡಿಸಿದ ದೈತ್ಯಾಕಾರದ ಮಾನವ ಹಾಗೂ ಪ್ರಾಣಿರೂಪಗಳಿವೆ. 1930ರ ದಶಕದಲ್ಲಿ ವಿಮಾನ ಚಾಲಕನೊಬ್ಬನ ಕಣ್ಣಿಗೆ ಬಿದ್ದ ಮೇಲೆ ಅವು ಹೊರಜಗತ್ತಿಗೆ ಪರಿಚಯವಾದವು. ಅವುಗಳ ಮೇಲೂ ವಾಹನಗಳ ಚಕ್ರ ಹಾಯ್ದ ಗುರುತುಗಳಿವೆ. ಈಗ ಸುತ್ತಲೂ ಬೇಲಿ ಇದೆ.

ಎರಡನೆಯ ಮಹಾಯುದ್ಧದ ನಂತರ ಲಾಸ್ ಏಂಜಲೀಸ್ ಬೆಳೆದಂತೆ ಪಟ್ಟಣಿಗರ ಕಣ್ಣು ಮರುಭೂಮಿಯತ್ತ ಹೊರಳಿತು. ವಿದ್ಯುತ್ ತಂತಿ, ಗಣಿ, ಹೆದ್ದಾರಿಗಳ ಜೊತೆಗೆ ಮೋಟಾರು ಸೈಕಲ್ಲುಗಳೂ ಬಂದವು. 1967ರಲ್ಲಿ ಬಾರ್ಸ್ಟೊ ಪಟ್ಟಣದಿಂದ ಲಾಸ್ ವೇಗಾಸ್‌ವರೆಗಿನ ಪಂದ್ಯ ಆರಂಭವಾಯಿತು. 1974ರಲ್ಲಿ ಸುಮಾರು 3,000 ಸವಾರರು ಪೊದೆಗಳ ನಡುವೆ ಧೂಳೆಬ್ಬಿಸಿದರು. ಅದರ ಬೆನ್ನಲ್ಲೇ ಬ್ಯೂರೊ ಅನುಮತಿ ನಿರಾಕರಿಸಿತು.

ಈ ತಿಕ್ಕಾಟಗಳ ನಡುವೆ 1976ರಲ್ಲಿ ಬಂದ ಕಾನೂನು ಶತಮಾನದ ನೀತಿಯನ್ನೇ ತಿರುಗಿಸಿತು. ಸಾರ್ವಜನಿಕ ಭೂಮಿಯನ್ನು ಹಂಚಿ ಮುಗಿಸುವ ಬದಲು ಸಾಮಾನ್ಯವಾಗಿ ದೇಶದ ಆಸ್ತಿಯಾಗಿಯೇ ಉಳಿಸಿಕೊಳ್ಳಬೇಕೆಂದು ಅದು ಸಾರಿತು. ಕ್ಯಾಲಿಫೋರ್ನಿಯಾದ 2.5 ಕೋಟಿ ಎಕರೆಯನ್ನು, ಅಂದರೆ ಕರ್ನಾಟಕದ ಅರ್ಧಕ್ಕಿಂತ ಹೆಚ್ಚು ವಿಸ್ತಾರವನ್ನು, ಮರುಭೂಮಿ ಸಂರಕ್ಷಣಾ ಪ್ರದೇಶವೆಂದು ಗುರುತಿಸಿತು. ಅದರಲ್ಲಿ ಸುಮಾರು ಅರ್ಧದಷ್ಟು ಬ್ಯೂರೊದ ವಶದಲ್ಲಿತ್ತು. ಆ ಭಾಗಕ್ಕೆ 1980ರ ಸೆಪ್ಟೆಂಬರ್ ಒಳಗೆ ಯೋಜನೆ ಸಿದ್ಧಪಡಿಸಬೇಕೆಂದು ಗಡುವನ್ನೂ ಹಾಕಿತು.

ಯೋಜನೆಗೆ ಮೊದಲು ಇರುವುದೇನೆಂದು ತಿಳಿಯಬೇಕಲ್ಲ! ಸಸ್ಯ, ಪ್ರಾಣಿ, ಖನಿಜ, ಪುರಾತನ ನೆಲೆಗಳ ಸಮೀಕ್ಷೆ ನಡೆಯಿತು. ಸಾರ್ವಜನಿಕರ ಅಹವಾಲು ಕೇಳಲಾಯಿತು. 1980ರ ಕೊನೆಗೆ ಅಂಗೀಕಾರವಾದ ಯೋಜನೆ ನೆಲವನ್ನು ಮುಖ್ಯವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಿತು. ಒಂದು ತುದಿಯಲ್ಲಿ ಕೈ ಹಚ್ಚದೆ ಬಿಡಬೇಕಾದ ವನ್ಯಪ್ರದೇಶ. ಇನ್ನೊಂದು ತುದಿಯಲ್ಲಿ ಗಣಿ, ವಾಹನ ವಿಹಾರಗಳಿಗೆ ತೆರೆದ ಜಾಗ. ನಡುವೆ ಮಿತ ಹಾಗೂ ಮಧ್ಯಮ ಬಳಕೆಯ ಎರಡು ವರ್ಗಗಳು. ಯೋಜನೆಯನ್ನು ಕಾಲಕ್ಕೆ ತಕ್ಕಂತೆ ತಿದ್ದುವ ವಿಧಾನವನ್ನೂ ಅದರಲ್ಲೇ ಸೇರಿಸಲಾಯಿತು.

ಯಾರಿಗೂ ಪೂರ್ತಿ ತೃಪ್ತಿಯಾಗಲಿಲ್ಲ. 1983ರಲ್ಲಿ ಮೋಟಾರು ಸೈಕಲ್ ಪಂದ್ಯ ಮರಳಿ ಬಂದಿತು, 1989ರ ನಂತರ ನಿಂತಿತು. ಮರುಭೂಮಿಯ ಆಮೆ 1990ರಲ್ಲಿ ಅಪಾಯಕ್ಕೀಡಾದ ಜೀವಿಗಳ ಪಟ್ಟಿ ಸೇರಿತು. ಬಾಳಿನ ಹೆಚ್ಚು ಕಾಲವನ್ನು ಬಿಲದಲ್ಲೇ ಕಳೆಯುವ ಈ ಪ್ರಾಣಿ ಪ್ರಾಯಕ್ಕೆ ಬರಲು ಹದಿನೈದು ಇಪ್ಪತ್ತು ವರ್ಷ ಬೇಕು. ಒಂದು ಆಮೆ ಸತ್ತರೆ ಆ ಜಾಗ ತುಂಬುವುದು ಸುಲಭವಲ್ಲ. ಸೆನೆಟರ್ ಅಲನ್ ಕ್ರಾನ್‌ಸ್ಟನ್ 1986ರಲ್ಲಿ ಮಂಡಿಸಿದ ರಕ್ಷಣಾ ಮಸೂದೆ ಡಯಾನ್ ಫೈನ್‌ಸ್ಟೈನ್ ಅವರ ಪ್ರಯತ್ನದಿಂದ 1994ರಲ್ಲಿ ಕಾನೂನಾಯಿತು. ಡೆತ್ ವ್ಯಾಲಿ, ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನಗಳಾದವು.

ಮುಂದಿನ ಪೇಚು ಬಂದದ್ದು ಪರಿಸರದ ಹೆಸರಿನಲ್ಲೇ. ಸೌರವಿದ್ಯುತ್ತಿಗೆ ಬಿಸಿಲೂ ಬೇಕು, ಬಯಲೂ ಬೇಕು. 2014ರಲ್ಲಿ ಉದ್ಘಾಟನೆಯಾದ ಇವಾನ್‌ಪಾ ಸ್ಥಾವರ ಸುಮಾರು 3,500 ಎಕರೆ ಸಾರ್ವಜನಿಕ ಭೂಮಿಯಲ್ಲಿ ಎದ್ದಿತು. ಅಲ್ಲಿ ಅಂದಾಜಿಗಿಂತ ಹೆಚ್ಚು ಆಮೆಗಳು ಸಿಕ್ಕಿದ್ದರಿಂದ 2011ರಲ್ಲಿ ಕೆಲಸವನ್ನು ಕೆಲಕಾಲ ಭಾಗಶಃ ನಿಲ್ಲಿಸಬೇಕಾಯಿತು. ಹವಾಮಾನ ಉಳಿಸುವ ಕೆಲಸಕ್ಕೆ ಮರುಭೂಮಿಯನ್ನು ತೆರಬೇಕೆ ಎಂಬ ಪ್ರಶ್ನೆ ಪರಿಸರವಾದಿಗಳನ್ನೇ ಎರಡು ಬಣಗಳಾಗಿಸಿತು. 2016ರ ತಿದ್ದುಪಡಿ ಬ್ಯೂರೊದ ಸುಮಾರು 1.08 ಕೋಟಿ ಎಕರೆಯನ್ನು ಮತ್ತೆ ಪರಿಶೀಲಿಸಿ, ಅದರಲ್ಲಿ 3.88 ಲಕ್ಷ ಎಕರೆಯನ್ನು ಇಂಧನ ಸ್ಥಾವರಗಳಿಗೆ ಸೂಕ್ತವೆಂದು ಗುರುತಿಸಿ, ಬಹುಪಾಲನ್ನು ಸಂರಕ್ಷಣೆ ಮತ್ತು ವಿಹಾರಕ್ಕೆ ಬಿಟ್ಟಿತು.

ಆ ಗೆರೆಗಳೂ ಮತ್ತೆ ಬದಲಾಗಬಹುದು. ಬೇಡಿಕೆಗಳು ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತವೆ, ನೆಲ ಮಾತ್ರ ತನ್ನದೇ ಗತಿಯಲ್ಲಿ ಮಾಯುತ್ತದೆ. ಕಾಗದದ ಮೇಲಿನ ತಪ್ಪನ್ನು ತಿದ್ದಲು ಒಂದು ಆದೇಶ ಸಾಕು. ಪ್ಯಾಟನ್‌ನ ಟ್ಯಾಂಕುಗಳ ಜಾಡು ಅಳಿಯಲು ಇನ್ನೂ ಕೆಲವು ತಲೆಮಾರುಗಳು ಬೇಕಾಗಬಹುದು.