ಫ್ಯೂಯೆಲ್ ಇಂಜೆಕ್ಷನ್ ಮೋಟಾರ್ ಸೈಕಲ್‌ನ ಶೀತ ಆರಂಭ

ಶೀತ ಆರಂಭ ಅಥವಾ ಕೋಲ್ಡ್ ಸ್ಟಾರ್ಟ್ ಎಂದರೆ ಬಹುಕಾಲ ನಿಂತು ಸುತ್ತಲಿನ ಗಾಳಿಯ ಉಷ್ಣತೆಗೆ ಇಳಿದಿರುವ ಎಂಜಿನ್ನನ್ನು ಚಾಲನೆಗೆ ತರುವುದು. ಇದಕ್ಕೆ ಹಿಮ ಬೀಳುವ ಪ್ರದೇಶವೇ ಆಗಬೇಕೆಂದಿಲ್ಲ. ಬಳ್ಳಾರಿ ಜಿಲ್ಲೆಯ ಬಾದನಹಟ್ಟಿಯಂತಹ ಬಿಸಿಲು ನಾಡಿನ ಊರಿನಲ್ಲಿಯೂ ರಾತ್ರಿಯಿಡೀ ಅಂಗಳದಲ್ಲಿ ನಿಂತ ಬೈಕಿನ ಎಂಜಿನ್ ಬೆಳಗ್ಗೆ ತಣ್ಣಗಿರುತ್ತದೆ. ಆದರೆ ಡಿಸೆಂಬರ್ ಮತ್ತು ಜನವರಿಯಲ್ಲಿ ಮುಂಜಾನೆಯ ಉಷ್ಣತೆ ಕೆಲವೊಮ್ಮೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಬೀದರ್, ವಿಜಯಪುರ, ಮಡಿಕೇರಿಗಳಲ್ಲಿ ತೊಂದರೆ ಹೆಚ್ಚು ಎದ್ದು ಕಾಣುತ್ತದೆ.

ಹಿನ್ನೆಲೆ

ಕಾರ್ಬುರೇಟರ್ ಇದ್ದ ವಾಹನಗಳಲ್ಲಿ ತಣ್ಣನೆಯ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಒದಗಿಸುವ ಕೆಲಸ ಸವಾರನದಾಗಿತ್ತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳಲ್ಲಿ ಕಾರ್ಬುರೇಟರಿನ ಮೇಲಿನ ಗುಂಡಿಯನ್ನು ಒತ್ತಿ ಪೆಟ್ರೋಲ್ ತುಂಬಿಸಿ ಕಿಕ್ ಹೊಡೆಯುವ ರೂಢಿಯಿತ್ತು. ಅನಂತರದ ಬೈಕುಗಳಲ್ಲಿ ಚೋಕ್ ಎಳೆಯುವುದು ಸಾಮಾನ್ಯವಾಯಿತು. ಭಾರತದಲ್ಲಿ 2006ರಲ್ಲಿ ಬಂದ ಹೀರೋ ಹೋಂಡಾ ಗ್ಲಾಮರ್ ಎಫ್‌ಐ ಈ ತಂತ್ರಜ್ಞಾನವನ್ನು ಜನಸಾಮಾನ್ಯರ ಬೈಕಿಗೆ ತಂದಿತು. 2020ರ ಏಪ್ರಿಲ್ 1ರಂದು ಜಾರಿಯಾದ ಬಿಎಸ್-6 ಮಾಲಿನ್ಯ ನಿಯಮಗಳ ಬಳಿಕ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಬಹುಮಟ್ಟಿಗೆ ಮರೆಯಾಯಿತು. ಚೋಕ್ ಹೋದರೂ ಹಳೆಯ ಅಭ್ಯಾಸಗಳು ಹೋಗಲಿಲ್ಲ. ಇಂದಿನ ಅನೇಕ ದೂರುಗಳ ಮೂಲ ಅಲ್ಲಿಯೇ ಇದೆ.

ಕಾರ್ಯವಿಧಾನ

ದ್ರವರೂಪದ ಪೆಟ್ರೋಲ್ ಉರಿಯುವುದಿಲ್ಲ, ಅದರ ಆವಿ ಮಾತ್ರ ಉರಿಯುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಸಿಂಪಡಣೆಯಾದ ಇಂಧನದ ಒಂದು ಭಾಗ ಒಳಹರಿವಿನ ಮಾರ್ಗದ ಗೋಡೆಗೆ ಹನಿಯಾಗಿ ಅಂಟಿಕೊಳ್ಳುವುದರಿಂದ, ಸಿಲಿಂಡರಿಗೆ ತಲುಪುವ ಮಿಶ್ರಣ ತೆಳುವಾಗುತ್ತದೆ. ಸಂಪೂರ್ಣ ದಹನಕ್ಕೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಶೀತ ಆರಂಭದಲ್ಲಿ ಆವಿಯ ಕೊರತೆಯನ್ನು ತುಂಬಲು ಇದಕ್ಕಿಂತ ಹೆಚ್ಚು ಇಂಧನ ಕೊಡಬೇಕಾಗುತ್ತದೆ.

ಈ ಲೆಕ್ಕವನ್ನು ಇಸಿಯು ಎಂಬ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕ ಮಾಡುತ್ತದೆ. ಎಂಜಿನ್ ಅಥವಾ ಆಯಿಲ್‌ನ ಉಷ್ಣತೆಯನ್ನು ಅಳೆಯುವ ಸೆನ್ಸರಿನ ವಿದ್ಯುತ್ ರೋಧ ಚಳಿಯಲ್ಲಿ ಏರುತ್ತದೆ. ಅದನ್ನು ಗ್ರಹಿಸಿದ ಇಸಿಯು ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಹಲವು ಮಾದರಿಗಳಲ್ಲಿ ಪ್ರತ್ಯೇಕ ಕವಾಟವೊಂದು ಹೆಚ್ಚುವರಿ ಗಾಳಿಯನ್ನು ಬಿಟ್ಟು ಐಡಲ್ ವೇಗವನ್ನು ಏರಿಸುತ್ತದೆ. ಹೊಗೆ ಕೊಳವೆಯಲ್ಲಿರುವ ಆಮ್ಲಜನಕ ಸೆನ್ಸರ್ ಬಿಸಿಯಾದ ಮೇಲಷ್ಟೇ ನಂಬಲರ್ಹ ಮಾಹಿತಿ ಕೊಡುವುದರಿಂದ, ಅಲ್ಲಿಯವರೆಗೆ ಇಸಿಯು ಮೊದಲೇ ದಾಖಲಾದ ಕೋಷ್ಟಕವನ್ನು ಅವಲಂಬಿಸಿರುತ್ತದೆ.

ಚಾಲನೆಯ ಕ್ರಮ

ಕೀ ತಿರುಗಿಸಿದಾಗ ಟ್ಯಾಂಕಿನೊಳಗಿಂದ ಎರಡು ಮೂರು ಸೆಕೆಂಡು ಗುಂಯ್ ಎಂಬ ಸದ್ದು ಕೇಳಿಸುತ್ತದೆ. ಇದು ಪಂಪ್ ಇಂಧನದ ಒತ್ತಡವನ್ನು, ಅನೇಕ ಬೈಕುಗಳಲ್ಲಿ ಸುಮಾರು 3 ಬಾರ್‌ಗೆ, ಏರಿಸುವ ಸದ್ದು. ಇದು ನಿಲ್ಲುವವರೆಗೆ ಕಾಯದೆ ಸೆಲ್ಫ್ ಒತ್ತುವುದೇ ಅತಿ ಸಾಮಾನ್ಯ ತಪ್ಪು. ಬಳಿಕ ಆಕ್ಸಿಲರೇಟರನ್ನು ಮುಟ್ಟದೆ ಸೆಲ್ಫ್ ಒತ್ತಬೇಕು. ರೇಸ್ ಕೊಡುತ್ತ ಸೆಲ್ಫ್ ಒತ್ತಿದರೆ ಹೆಚ್ಚು ಗಾಳಿ ಒಳಬಂದು ಇಸಿಯು ಲೆಕ್ಕ ತಪ್ಪುತ್ತದೆ. ಒಮ್ಮೆಗೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತದೆ, ನಡುವೆ ಬ್ಯಾಟರಿಗೆ ಬಿಡುವು ಕೊಡುವುದು ಒಳ್ಳೆಯದು. ಪದೇ ಪದೇ ಒತ್ತಿ ಪ್ಲಗ್ ಪೆಟ್ರೋಲಿನಲ್ಲಿ ನೆನೆದಿದ್ದರೆ, ಹಲವು ಮಾದರಿಗಳಲ್ಲಿ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹಿಡಿದು ಸೆಲ್ಫ್ ಒತ್ತಿದಾಗ ಇಸಿಯು ಇಂಧನವನ್ನು ತಡೆದು ಸಿಲಿಂಡರನ್ನು ಒಣಗಿಸುತ್ತದೆ.

ಎಂಜಿನ್ ಚಾಲೂ ಆದ ಬಳಿಕ ಅರ್ಧದಿಂದ ಒಂದು ನಿಮಿಷ ಬಿಟ್ಟು ನಿಧಾನವಾಗಿ ಹೊರಡುವುದು ಸಾಕು. ಬಾಗಿಲು ಮುಚ್ಚಿದ ಪಡಸಾಲೆಯಲ್ಲಿ ಬೈಕನ್ನು ಚಾಲೂ ಇಡುವುದು ಪ್ರಾಣಾಪಾಯಕರ. ಈ ಹಂತದ ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ವಿಶೇಷವಾಗಿ ಹೆಚ್ಚಿರುತ್ತದೆ.

ಬ್ಯಾಟರಿ ಮತ್ತು ಆಯಿಲ್

ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಆಯಿಲ್ ಗಟ್ಟಿಯಾಗುತ್ತದೆ. ಸೆಲ್ಫ್ ಮೋಟಾರಿಗೆ ಹೆಚ್ಚು ಶಕ್ತಿ ಬೇಕಾದ ಹೊತ್ತಿನಲ್ಲೇ ದೊರೆಯುವ ಶಕ್ತಿ ಕುಗ್ಗಿರುತ್ತದೆ. ಪಂಪ್, ಇಸಿಯು, ಇಂಜೆಕ್ಟರ್ ಮೂರಕ್ಕೂ ವಿದ್ಯುತ್ತೇ ಆಧಾರ. ಆದ್ದರಿಂದ ಬ್ಯಾಟರಿ ಪೂರ್ಣ ಬರಿದಾದ ಬೈಕನ್ನು ಹಳೆಯ ಗಾಡಿಯಂತೆ ತಳ್ಳಿ ಸ್ಟಾರ್ಟ್ ಮಾಡುವುದು ಬಹಳ ಕಷ್ಟ. ಕಿಕ್ ಇಲ್ಲದ ಬೈಕನ್ನು ನಂಬಿ ನಸುಕಿನಲ್ಲೇ ಹೊಲಕ್ಕೋ ಕೆಲಸಕ್ಕೋ ಹೊರಡುವವರು ಚಳಿಗಾಲಕ್ಕೆ ಮುನ್ನ ಬ್ಯಾಟರಿಯನ್ನು ಪರೀಕ್ಷಿಸಿಕೊಳ್ಳುವುದು ಲೇಸು. ಆಯಿಲ್ ಡಬ್ಬಿಯ ಮೇಲಿನ 10ಡಬ್ಲ್ಯು-30 ಎಂಬ ಗುರುತಿನಲ್ಲಿ ಮೊದಲ ಸಂಖ್ಯೆ ಚಳಿಯಲ್ಲಿನ ಸ್ನಿಗ್ಧತೆಯನ್ನು ಸೂಚಿಸುತ್ತದೆ. ಅದು ಕಡಿಮೆಯಿದ್ದಷ್ಟು ಆಯಿಲ್ ಬೇಗ ಹರಿಯುತ್ತದೆ.

ಎಥೆನಾಲ್ ಮಿಶ್ರಣದ ಪ್ರಭಾವ

ಶೇ. 20 ಎಥೆನಾಲ್ ಇರುವ ಇ20 ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ಶುದ್ಧ ಎಥೆನಾಲ್ ಸುಮಾರು 13 ಡಿಗ್ರಿಗಿಂತ ಕೆಳಗೆ ಹೊತ್ತಿಕೊಳ್ಳುವಷ್ಟು ಆವಿಯನ್ನೇ ಕೊಡುವುದಿಲ್ಲ. ಪೆಟ್ರೋಲಿಗೆ ಈ ಮಿತಿ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿದೆ. ಇ20ಯಲ್ಲಿ ಪೆಟ್ರೋಲಿನ ಹಗುರ ಅಂಶಗಳು ಮೊದಲು ಆವಿಯಾಗುವುದರಿಂದ ರಾಜ್ಯದ ಚಳಿಗೆ ದೊಡ್ಡ ಅಡ್ಡಿಯಾಗದು. ಶುದ್ಧ ಎಥೆನಾಲ್‌ನ ಮಾತು ಬೇರೆ. 2019ರ ಜುಲೈಯಲ್ಲಿ ಬಿಡುಗಡೆಯಾದ ಟಿವಿಎಸ್ ಅಪಾಚೆ ಆರ್‌ಟಿಆರ್ 200 ಎಫ್‌ಐ ಇ100 ಬೈಕಿನ ಆರಂಭಿಕ ಮಾರುಕಟ್ಟೆಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಬ್ರೆಜಿಲ್‌ನಲ್ಲಿ 2009ರಲ್ಲಿ ಬಂದ, ಪೆಟ್ರೋಲ್ ಮತ್ತು ಎಥೆನಾಲ್ ಎರಡರಲ್ಲೂ ಓಡುವ ಹೋಂಡಾ ಸಿಜಿ 150 ಟೈಟಾನ್ ಮಿಕ್ಸ್ ಬೈಕಿನ ಸವಾರರಿಗೆ, ಉಷ್ಣತೆ 15 ಡಿಗ್ರಿಗಿಂತ ಇಳಿದಾಗ ಟ್ಯಾಂಕಿನಲ್ಲಿ ಕನಿಷ್ಠ ಶೇ. 20ರಷ್ಟು ಪೆಟ್ರೋಲ್ ಇರುವಂತೆ ನೋಡಿಕೊಳ್ಳಲು ಸೂಚಿಸಲಾಗಿತ್ತು.